ನಲವತ್ತು ದಿನದ ಚೀಟಿ

ಮಾರ್ಚ್ 2, ಭಾನುವಾರ

ಪ್ರಾರ್ಥನೆಯಲ್ಲಿ ನನ್ನನ್ನು ಮೀರಿಸುವವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ನಾನು ಮೊಣಕಾಲೂರಿದೆ ಅಂದರೆ ಪರಲೋಕದಲ್ಲಿ ದೂತರು ಹಾಡು ನಿಲ್ಲಿಸಿ, "ಸುಮ್ಮನಿರ್ರಪ್ಪ, ಅವರು ಶುರು ಮಾಡಿದರು" ಎಂದು ಒಬ್ಬರನ್ನೊಬ್ಬರು ತಿವಿಯುತ್ತಾರೆ. ಹಳ್ಳಿ ಶಾಲೆಯಲ್ಲಿದ್ದಾಗ ನಾನು ಮಾಡಿದ ಒಂದೇ ಒಂದು ಪ್ರಾರ್ಥನೆಗೆ ಇನ್‌ಸ್ಪೆಕ್ಟರು ಬರುತ್ತಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಆ ಬಸ್ಸು ಬಂದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಇವತ್ತು ಚರ್ಚಿನಲ್ಲಿ ಚೀಟಿ ಎತ್ತಿದೆವು. ಕಷ್ಟದಲ್ಲಿರುವವರು ಹೆಸರು ಹಾಕದೆ ಕಷ್ಟ ಮಾತ್ರ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕುತ್ತಾರೆ. ಚರ್ಚಿಗೆ ಬರದವರೂ ಹಾಕಬಹುದು. ಹೆಸರಿದ್ದರೆ ಪ್ರಾರ್ಥನೆಗಿಂತ ಮೊದಲು ಹರಟೆ ಮುಗಿದಿರುತ್ತದೆ ಎಂದು ನಮ್ಮ ಪಾದ್ರಿಗಳಿಗೆ ಚೆನ್ನಾಗಿ ಗೊತ್ತು. ಹೆಸರಿನ ಬದಲು ಒಂದು ನಂಬರು. ನಾವು ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿ, ಆ ಮುಖ ಕಾಣದವರಿಗಾಗಿ ನಲವತ್ತು ದಿನ ಪ್ರಾರ್ಥಿಸಬೇಕು.

ನನಗೆ ಬಂದದ್ದು ಹದಿನಾಲ್ಕು. ಹೆಂಗಸಿನ ಕೈಬರಹ.

"ನಮ್ಮ ಯಜಮಾನರನ್ನು ಒಬ್ಬರು ಕಳ್ಳ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಎಂಟು ತಿಂಗಳಿಂದ ಯಾರೂ ಕೆಲಸ ಕೊಡುತ್ತಿಲ್ಲ. ಇವರು ಮಾತು ಬಿಟ್ಟಿದ್ದಾರೆ. ದಯವಿಟ್ಟು ಪ್ರಾರ್ಥಿಸಿ."

ಎರಡು ಸಲ ಓದಿದೆ. ಕಷ್ಟ ಏನೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು. ನನ್ನ ಬೇಕರಿಯ ಪಾಲುದಾರ, ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸುತ್ತಿದ್ದ ಆ ಭಟ್ಟಿಯವನು, ಆರು ಲಕ್ಷ ಎತ್ತಿಕೊಂಡು ಹೋದ ಮೇಲೆ ತಾನೇ ನಾನು ಅಂಗಡಿಗೆ ಬೀಗ ಹಾಕಿ, ಅಕ್ಕನ ಮಗಳ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಈ ವಯಸ್ಸಿನಲ್ಲಿ ಗೋದಾಮಿನ ಬಾಗಿಲಲ್ಲಿ ಚೀಲ ಎಣಿಸುತ್ತಿರುವುದು. ಅವನು ಈಗ ಯಾವುದೋ ಊರಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ ಮೇಲಿನ ಅಂತಸ್ತಿನಲ್ಲಿ ಕಾಲು ಚಾಚಿ ಕೂತಿರಬೇಕು.

ಇರಲಿ. ನಾಳೆಯಿಂದ ಶುರು.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಆರಕ್ಕೆ ಗೋಡೆ ಹಿಡಿದುಕೊಂಡು ಮೊಣಕಾಲೂರಿದೆ. ಎಡಗಾಲು ಬಾಗಿತು, ಬಲಗಾಲು ಅರ್ಧಕ್ಕೆ ಮುಷ್ಕರ ಹೂಡಿತು. ಆದರೂ ಶುರು ಮಾಡಿದೆ. "ಕರ್ತನೇ, ಈ ನಿರಪರಾಧಿಯ ಮೇಲೆ ಅಪವಾದ ಹೊರಿಸಿದ ಆ ಚಾಡಿಕೋರ ಎಲ್ಲೇ ಇರಲಿ, ಅವನ ನಾಲಿಗೆ ಬಾಯೊಳಗೇ ಒಣಗಲಿ. ಅವನು ಉಂಡದ್ದು ಮೈಗೆ ಹತ್ತದಿರಲಿ. ಅವನಿಗೆ ಕೂತರೆ ಏಳಲಾಗದ ಹಾಗೆ, ಎದ್ದರೆ ಕೂರಲಾಗದ ಹಾಗೆ..."

ಅಷ್ಟರಲ್ಲಿ ನನ್ನ ಬಲಗಾಲು ಹಿಡಿದುಕೊಂಡಿತು. ಅಕ್ಕನ ಮಗಳು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಮಾವ, ಅದು ಪ್ರಾರ್ಥನೇನೋ ಪೊಲೀಸ್ ಕಂಪ್ಲೇಂಟೋ?"

"ನೀತಿವಂತನ ಕೋಪ ಕಣಮ್ಮ ಇದು."

"ನೀತಿವಂತರು ಸ್ವಲ್ಪ ಮೆಲ್ಲಗೆ ಕೋಪ ಮಾಡ್ಕೊಳ್ಳಿ. ಹೊಲಿಗೆ ಸೊಟ್ಟ ಆಗ್ತಿದೆ. ಏಳಕ್ಕಾಗ್ತಿಲ್ವಾ? ಇರಿ, ಕೈ ಕೊಡ್ತೀನಿ."

ಮಾರ್ಚ್ 5, ಬುಧವಾರ

ಸಂಜೆ ಪ್ರಾರ್ಥನಾ ಕೂಟ. ಪಾದ್ರಿಗಳು ಎಲ್ಲರಿಗೂ ಒಂದು ನಿಯಮ ಹೇಳಿದರು. ಚೀಟಿಯವರಿಗಾಗಿ ಪ್ರಾರ್ಥಿಸುವಾಗ "ಅವರಿಗೆ" ಅನ್ನಬಾರದಂತೆ, "ನಮಗೆ" ಅನ್ನಬೇಕಂತೆ. "ಅವರಿಗೆ ಕೊಡು ಅಂದರೆ ನೀವು ದಡದ ಮೇಲೆ ನಿಂತು ಮುಳುಗುವವನ ಬಗ್ಗೆ ಮಾತಾಡಿದ ಹಾಗೆ. ಪ್ರೀತಿ ಅಂದರೆ ನೀರಿಗಿಳಿಯೋದು. ಅವರ ಕಷ್ಟ ನಿಮ್ಮ ಬಾಯಲ್ಲಿ ನಿಮ್ಮದಾಗಿ ಬರಲಿ" ಅಂದರು.

"ಅಯ್ಯನವರೇ, ಹೊಟ್ಟೆನೋವಿನವರ ಚೀಟಿ ಬಂದರೆ ನಮಗೂ ಹೊಟ್ಟೆನೋವು ಬರುತ್ತಾ?" ಎಂದೆ.

"ಬಂದರೆ ಚೀಟಿ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಅರ್ಥ" ಅಂದರು. ಎಲ್ಲರೂ ನಕ್ಕರು. ನನ್ನ ಮಾತಿಗೆ ನಕ್ಕದ್ದೋ ಅವರ ಮಾತಿಗೋ ತಿಳಿಯಲಿಲ್ಲ. ನನ್ನದಕ್ಕೇ ಇರಬೇಕು.

ಮಾರ್ಚ್ 7, ಶುಕ್ರವಾರ

ಲಾರಿ ತಡವಾಗಿ ಬಂತು. ಇನ್ನೂರ ನಲವತ್ತು ಚೀಲ ಇಳಿಯುವವರೆಗೆ ನಿಂತೇ ಇದ್ದೆ. ಲಾರಿ ಡ್ರೈವರ್ ಬೇಜಾರು ಕಳೆಯಲು, "ಮಾವ, ಆ ಭಟ್ಟಿಯವನು ನಿಮಗೆ ಟೋಪಿ ಹಾಕಿದ ಕಥೆ ಹೇಳಿ" ಅಂದ. ಹೇಳಿದೆ. ಹೊತ್ತು ಬಹಳ ಇತ್ತು, ಹಾಗಾಗಿ ಏಳು ಲಕ್ಷ ಅಂದೆ.

ಬೆಳಿಗ್ಗೆ ಪಾದ್ರಿಗಳು ಹೇಳಿದ ಹಾಗೆ ಮಾಡಿ ನೋಡಿದ್ದೆ. "ಕರ್ತನೇ, ನಮ್ಮನ್ನು ಕಳ್ಳ ಅಂತಾರೆ." ಬಾಯಿ ಕಹಿ ಆಯಿತು. ಪಿತ್ತ ಇರಬೇಕು.

ಮಾರ್ಚ್ 11, ಮಂಗಳವಾರ

ಪ್ರಾರ್ಥನೆ ಮಾಡಿದೆ. ನಮಗೆ ಕೆಲಸ ಕೊಡು ಅಂದೆ. ಸುಸ್ತು.

ಮಾರ್ಚ್ 14, ಶುಕ್ರವಾರ

ಇವತ್ತಿನದು ಬರೆಯಲೇಬೇಕು. ಬೆಳಗಿನ ಲೋಡಿನಲ್ಲಿ ಎರಡು ಚೀಲ ಕಡಿಮೆ ಬಿತ್ತು. ಗುಮಾಸ್ತ ನಾನು ಚೀಲಕ್ಕೊಂದರಂತೆ ಕಡ್ಡಿ ಗೀಚಿದ ಹಾಳೆ ನೋಡಿದ, ಗೋದಾಮು ನೋಡಿದ, ಆಮೇಲೆ ನನ್ನ ಕೈಚೀಲ ನೋಡಿದ. ಆ ಕೈಚೀಲದಲ್ಲಿ ಐವತ್ತು ಕಿಲೋ ಚೀಲ ಎರಡು ಹಿಡಿಸುವುದಾದರೆ ನಾನು ಗೋದಾಮಿನಲ್ಲಿ ಯಾಕೆ ಇರುತ್ತಿದ್ದೆ, ಸರ್ಕಸ್ಸಿನಲ್ಲಿರುತ್ತಿದ್ದೆ. ಈ ಮಾತು ಆಗಲೇ ಬಾಯಿಗೆ ಬರಬೇಕಿತ್ತು. ಬರಲಿಲ್ಲ.

"ಮಾವ, ನೀವು ಬಾಗಿಲು ಬಿಟ್ಟು ಎಲ್ಲಾದ್ರೂ ಹೋಗಿದ್ರಾ?" ಎಂದ, ಬಹಳ ಮರ್ಯಾದೆಯಿಂದ. ಹಮಾಲರು ಬೇರೆ ಕಡೆ ನೋಡಿದರು.

ಹನ್ನೊಂದಕ್ಕೆ ಎರಡು ಚೀಲವೂ ಲಾರಿಯ ಟಾರ್ಪಾಲಿನ ಕೆಳಗೇ ಸಿಕ್ಕವು. ಗುಮಾಸ್ತ ಟೀ ತರಿಸಿಕೊಟ್ಟ. ಕುಡಿದೆ. ಆದರೆ ಸಂಜೆಯವರೆಗೂ ನನಗೆ ಸರಿಯಾಗಿ ಮಾತು ಹೊರಡಲಿಲ್ಲ. ಎರಡು ಗಂಟೆ ಹೊತ್ತಿನದು ಅಷ್ಟೇ. ಹದಿನಾಲ್ಕನೇ ನಂಬರಿನವನದು ಎಂಟು ತಿಂಗಳು.

ಸಂಜೆ ಇನ್ನೊಂದು ಸಲ ಪ್ರಾರ್ಥಿಸಿದೆ. ಚಾಡಿಕೋರನ ನಾಲಿಗೆಯ ವಿಷಯ ಎತ್ತಲು ಮರೆತೆ.

ಮಾರ್ಚ್ 19, ಬುಧವಾರ

ಲಾರಿ ಡ್ರೈವರ್ ಹೊಸ ಕ್ಲೀನರ್ ಹುಡುಗನನ್ನು ಕೂರಿಸಿಕೊಂಡು ಮತ್ತೆ ಅದೇ ಕಥೆ ಕೇಳಿದ. ಹೇಳಿದೆ, ಆದರೆ ದಮ್ಮು ಇರಲಿಲ್ಲ. ನಾಲ್ಕು ಲಕ್ಷ ಅಂದೆ.

"ಮೊನ್ನೆ ಏಳು ಇತ್ತಲ್ಲ ಮಾವ?"

"ಮೂರು ತಿರುಗಿ ಬಂತು" ಅಂದೆ. ಹೇಗೆ ಬಂತು ಅಂತ ಅವನು ಕೇಳಲಿಲ್ಲ, ಪುಣ್ಯಾತ್ಮ.

ಹದಿನೇಳು ದಿನ ಆಯಿತು. ಕೇಳಿ ಕೇಳಿ ನನಗೇ ಬೇಜಾರು ಬಂದಿದೆ, ಆ ದೇವರಿಗೆ ಹೇಗಿರಬೇಡ. "ನಮಗೆ ಬೆಳಿಗ್ಗೆ ಏಳೋಕೆ ಒಂದು ಕಾರಣ ಕೊಡು" ಎಂದು ಮಾತ್ರ ಹೇಳಿ ಎದ್ದೆ. ಅಕ್ಕನ ಮಗಳು ಈಗ ಏಳಿಸಲು ಕರೆಯದೆಯೇ ಬರುತ್ತಾಳೆ.

ಮಾರ್ಚ್ 23, ಭಾನುವಾರ

ಆರಾಧನೆ ಮುಗಿದ ಮೇಲೆ ಪಾದ್ರಿಗಳು ಡಬ್ಬಿಯಲ್ಲಿ ಸಿಕ್ಕ ಮಡಿಸಿದ ಕಾಗದವೊಂದನ್ನು ನನ್ನ ಕೈಗೆ ಇಟ್ಟರು. ಮೇಲೆ ಹದಿನಾಲ್ಕು ಅಂತ ಬರೆದಿತ್ತು. ಅದೇ ಕೈಬರಹ.

"ಈಗ ಊಟವನ್ನೂ ಸರಿಯಾಗಿ ಮಾಡುತ್ತಿಲ್ಲ. ಇಪ್ಪತ್ತಾರು ವರ್ಷ ಭಟ್ಟಿಯ ಮುಂದೆ ನಿಂತ ಮನುಷ್ಯ, ಈಗ ಬ್ರೆಡ್ಡಿನ ವಾಸನೆ ಬಂದರೆ ಕಿಟಕಿ ಮುಚ್ಚುತ್ತಾರೆ. ನಿಲ್ಲಿಸದೆ ಪ್ರಾರ್ಥಿಸುತ್ತಿರಿ. ನೀವು ಯಾರೋ ಗೊತ್ತಿಲ್ಲ, ನಿಮಗೆ ಒಳ್ಳೆಯದಾಗಲಿ."

ಚರ್ಚಿನ ಮೆಟ್ಟಿಲ ಮೇಲೆ ಕೂತೆ. ಎಲ್ಲರೂ ಹೋದರು.

ಮಾರ್ಚ್ 24, ಸೋಮವಾರ

ಕೆಲಸಕ್ಕೆ ಹೋಗುವ ಮೊದಲು ಪಾದ್ರಿಗಳ ಮನೆಗೆ ಹೋದೆ. ಹಲ್ಲುಜ್ಜುತ್ತಿದ್ದರು.

"ಅಯ್ಯನವರೇ, ಈ ಚೀಟಿ ಬದಲಾಯಿಸಿ ಕೊಡಿ."

"ಯಾಕೆ, ನಿಮ್ಮ ಪ್ರಾರ್ಥನೆಗೆ ಸಾಲದಾ?"

"ಇದು ನನಗಾಗದವರ ಚೀಟಿ."

ಅವರು ಬಾಯಿ ಮುಕ್ಕಳಿಸುವಷ್ಟು ಹೊತ್ತು ತೆಗೆದುಕೊಂಡರು. "ಯಾರದು ಅಂತ ನನಗೂ ಗೊತ್ತಿಲ್ಲ, ನೀವೂ ಹೇಳಬೇಡಿ. ಬದಲಾಯಿಸೋ ಪದ್ಧತಿ ಇಲ್ಲ. ಬೇಕಾದರೆ ನಿಲ್ಲಿಸಬಹುದು, ಯಾರೂ ಬಂದು ಹಾಜರಿ ತಗೊಳ್ಳಲ್ಲ."

"ನಿಲ್ಲಿಸಿದರೆ?"

"ಆ ಮನೆಗಾಗಿ ಪ್ರಾರ್ಥನೆ ಮಾಡೋರು ಸದ್ಯಕ್ಕೆ ನೀವೊಬ್ಬರೇ. ಅಷ್ಟೇ."

ಇದು ಬ್ಲ್ಯಾಕ್‌ಮೇಲ್ ಎಂದೆ. ಹೌದು, ಟೀ ಕುಡೀತೀರಾ ಎಂದರು.

ಮಾರ್ಚ್ 26, ಬುಧವಾರ

ಎರಡು ದಿನ ಮಾಡಿರಲಿಲ್ಲ. ಇವತ್ತು ಕೂತೆ. "ನಮ್ಮನ್ನು ಕಳ್ಳ ಎಂದವರು" ಎನ್ನುವವರೆಗೆ ಬಂದು ನಿಂತುಹೋಯಿತು. ಆ ವಾಕ್ಯದ ಯಾವ ಕಡೆ ಕೂರಬೇಕು ಎಂದು ತಿಳಿಯಲಿಲ್ಲ. ಎರಡೂ ಕಡೆ ನಾನೇ ಇದ್ದೆ.

ಅಕ್ಕನ ಮಗಳನ್ನು ಕೇಳಿದೆ, ಭಟ್ಟಿಯವನ ಸುದ್ದಿ ಏನಾದರೂ ಗೊತ್ತಾ ಅಂತ.

"ರೈಲ್ವೆ ಗೇಟಿನ ಆಚೆ ಒಂದು ರೂಮಿನಲ್ಲಿದ್ದಾರೆ. ಅವರ ಹೆಂಡತಿ ದಾರದ ಅಂಗಡೀಲಿ ಸಿಕ್ತಾರೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಆಗಲೇ ಮೂರಂತಸ್ತು ಕಟ್ಟಿಸಿ ಬಿಟ್ಟಿದ್ರಲ್ಲ, ಬೀಳಿಸೋದು ಯಾಕೆ ಅಂತ ಸುಮ್ಮನಾದೆ." ದಾರವನ್ನು ಹಲ್ಲಿನಿಂದ ಕಡಿದು ಮತ್ತೆ ಅಂದಳು, "ಮೊದಲ ದಿನ ನನ್ನ ಹತ್ತಿರ ನಲವತ್ತು ಸಾವಿರ ಅಂದಿದ್ರಿ ಮಾವ. ಆರು ಲಕ್ಷ ಆಗೋಕೆ ಅದೇನು ಹಿಟ್ಟಾ, ಇಟ್ಟಲ್ಲೇ ಉಬ್ಬೋಕೆ?"

ನಾನು ಚಪ್ಪಲಿ ಹುಡುಕುವವನ ಹಾಗೆ ಹೊರಗೆ ಹೋದೆ.

ಮಾರ್ಚ್ 29, ಶನಿವಾರ

ಹೋದೆ. ರೈಲ್ವೆ ಗೇಟಿನ ಆಚೆಗೆ, ಸುಮ್ಮನೆ ಆ ಕಡೆ ಹೋಗುವವನ ಹಾಗೆ.

ಒಂದೇ ರೂಮು, ಒಂದು ಕಿಟಕಿ. ಅವನ ಹೆಂಡತಿ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. "ಇನ್ನೇನಾದರೂ ಹೇಳೋದು ಬಾಕಿ ಇತ್ತಾ?" ಎಂದಳು. ಚೀಟಿ ನನ್ನ ಜೇಬಿನಲ್ಲೇ ಇತ್ತು. ನನಗೆ ಒಳ್ಳೆಯದಾಗಲಿ ಎಂದು ಬರೆದ ಕೈ ಬಾಗಿಲಿಗೆ ಅಡ್ಡವಾಗಿತ್ತು. ಆಮೇಲೆ ಅವಳು ಪಕ್ಕಕ್ಕೆ ಸರಿದಳು, ನಾನು ಹೊಸ್ತಿಲ ಒಳಗೆ ಕೂತೆ.

ಅವನು ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ. ಭಟ್ಟಿಯ ಝಳಕ್ಕೆ ಸುಟ್ಟು ಸುಟ್ಟು ರೋಮವೇ ಇಲ್ಲದಿದ್ದ ಆ ಮುಂಗೈ ಮೇಲೆ ಈಗ ರೋಮ ಬಂದಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ನಾನು ಏನೇನೋ ಮಾತಾಡಿದೆ. ಗೋದಾಮಿನಲ್ಲಿ ನಾನಿಲ್ಲದೆ ಒಂದು ಚೀಲ ಅಲುಗಾಡುವುದಿಲ್ಲ ಎಂದೆ. ಮಾಲೀಕರೇ ನನ್ನ ಸಲಹೆ ಕೇಳುತ್ತಾರೆ ಎಂದೆ. ಕೊನೆಗೆ ನಾನು ಏಳುವಾಗ ಅವನು ನನ್ನನ್ನು ನೋಡಿ, ನಿಧಾನವಾಗಿ, ತುಕ್ಕು ಹಿಡಿದ ಬೀಗ ತೆಗೆದ ಹಾಗೆ ಬಾಯಿ ತೆರೆದ.

"ಆ ಮಷೀನು ಬಂತಾ ಅಣ್ಣ?"

ಅವನ ಹೆಂಡತಿ ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತಳು. ಎಷ್ಟೋ ದಿನದ ಮೇಲೆ ಅವನು ಆಡಿದ ಮಾತು ಅದು ಎಂದು ಅವಳ ಮುಖ ಹೇಳುತ್ತಿತ್ತು.

ಇಲ್ಲ ಎಂದೆ. ಬಂದುಬಿಟ್ಟೆ.

ಮಾರ್ಚ್ 31, ಸೋಮವಾರ

ಮಷೀನಿನ ವಿಷಯ ಬರೆಯಬಾರದು ಅಂತಿದ್ದೆ. ಬರೆಯುತ್ತೇನೆ, ಈ ನೋಟ್‌ಬುಕ್ ಯಾರೂ ನೋಡುವುದಿಲ್ಲ.

ಹಿಟ್ಟು ಕಲಸುವ ಹಳೆಯ ಮಷೀನು. ಒಬ್ಬ ಬಂದು ಮೂರು ಜನರ ಕೆಲಸ ಮಾಡುತ್ತದೆ ಎಂದ. ಭಟ್ಟಿಯವನು, "ಬೇಡ ಅಣ್ಣ, ನನ್ನ ಕೈ ಇದೆಯಲ್ಲ" ಎಂದಿದ್ದ. ವ್ಯಾಪಾರ ಅಂದರೆ ಏನು ಎಂದು ತೋರಿಸುತ್ತೇನೆ ಎಂದುಕೊಂಡು, ಅವನಿಗೆ ಹೇಳದೆ, ಹಿಟ್ಟಿನ ಅಂಗಡಿಗೆ ಕೊಡಬೇಕಿದ್ದ ಹಣವನ್ನು ಮುಂಗಡ ಕೊಟ್ಟೆ. ಆ ಮನುಷ್ಯನೂ ಇಲ್ಲ, ಮಷೀನೂ ಇಲ್ಲ. ಹಿಟ್ಟು ನಿಂತಿತು. ಭಟ್ಟಿ ಆರಿತು. ಅಕ್ಕನ ಮಗಳು ಹಣ ಎಲ್ಲಿ ಹೋಯಿತು ಎಂದು ಕೇಳಿದಾಗ ಬಾಯಿಗೆ ಬಂದದ್ದು ಅವನ ಹೆಸರು. ಅವನು ಆಗ ಅಂಗಡಿಯಲ್ಲಿರಲಿಲ್ಲ. ಅಷ್ಟೇ ಕಾರಣ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಹಿಟ್ಟು ನಿಂತ ದಿನವೇ ಊಹಿಸಿರಬೇಕು. ಒಬ್ಬರಿಗೂ ಹೇಳಿಲ್ಲ. ಹೆಂಡತಿಗೂ.

ಏಪ್ರಿಲ್ 3, ಗುರುವಾರ

ಪೇಟೆಯ ದೊಡ್ಡ ಬೇಕರಿಯ ಯಜಮಾನಿಯಮ್ಮ ಭಟ್ಟಿಗೆ ಆಳು ಹುಡುಕುತ್ತಿದ್ದಾರೆ, ಒಂದು ವಾರದೊಳಗೆ ಬೇಕಂತೆ. ಲಾರಿ ಡ್ರೈವರ್ ಹೇಳಿದ. ಅಲ್ಲಿಗೆ ಹೋದೆ. ಆ ಅಮ್ಮ ನಮ್ಮ ಚರ್ಚಿನವರೇ. ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡಕ ಇಳಿಸಿ ಕೂತಿದ್ದರು.

"ಅಮ್ಮ, ಆ ಭಟ್ಟಿಯವನನ್ನ ತಗೊಳ್ಳಿ. ಅವನಂಥ ಕೈ ಇನ್ನೊಂದಿಲ್ಲ."

"ಬಂದಿದ್ದ, ಆರು ತಿಂಗಳ ಹಿಂದೆ. ನಾನೇ ಕಳಿಸಿದೆ. ನಿಮಗೆ ಅಷ್ಟು ಮೋಸ ಮಾಡಿದವನು ನನ್ನ ಗಲ್ಲಾಪೆಟ್ಟಿಗೆಗೆ ಕೈ ಹಾಕಲ್ವಾ?"

"ಅವನು ಅಂಥವನಲ್ಲ ಅಮ್ಮ. ಏನೋ ಲೆಕ್ಕ ಹೆಚ್ಚುಕಮ್ಮಿ ಆಗಿತ್ತು."

ಅವರು ಕನ್ನಡಕ ತೆಗೆದರು. ಕಣ್ಣು ಒದ್ದೆ. "ಎಂಥ ಮನಸ್ಸು ನಿಮ್ಮದು. ಲಕ್ಷಗಟ್ಟಲೆ ಹೋದರೂ ಕ್ಷಮಿಸಿ, ಅವನಿಗೇ ಕೆಲಸ ಕೇಳೋಕೆ ಬಂದಿದ್ದೀರಲ್ಲ. ನಿಮ್ಮಿಂದ ನಾವು ಕಲೀಬೇಕು." ಒಂದು ಪೊಟ್ಟಣ ಬಿಸ್ಕತ್ತು ಕಟ್ಟಿಕೊಟ್ಟರು. "ಆದರೆ ಕೆಲಸ ಮಾತ್ರ ಕೊಡೋಕಾಗಲ್ಲ. ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ."

ಬಿಸ್ಕತ್ತು ಚೆನ್ನಾಗಿತ್ತು. ಅದೂ ಬರೆದಿಡುತ್ತೇನೆ, ತಿಂದೆ.

ಏಪ್ರಿಲ್ 6, ಭಾನುವಾರ

ಯಜಮಾನಿಯಮ್ಮ ಇಡೀ ಚರ್ಚಿಗೆ ಹೇಳಿಬಿಟ್ಟಿದ್ದಾರೆ. ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ವಯಸ್ಸಾದ ಟೀಚರಮ್ಮ ನನ್ನ ತಲೆ ಮುಟ್ಟಿದರು. ಸುಳ್ಳು ಯಾಕೆ, ಒಂದು ಅರ್ಧ ನಿಮಿಷ ಹಾಯೆನಿಸಿತು.

ಆಮೇಲೆ ಪಾದ್ರಿಗಳು ಕಾಗದ ಕೊಟ್ಟರು. ಹದಿನಾಲ್ಕು.

"ಕಳ್ಳ ಎಂದವರೇ ಈಗ ಕ್ಷಮಿಸಿದೆ ಎನ್ನುತ್ತಿದ್ದಾರಂತೆ. ಮೊದಲು ಅನುಮಾನವಾದರೂ ಇತ್ತು, ಈಗ ಎಲ್ಲರೂ ನಂಬಿದರು. ಬೇಕರಿಯಲ್ಲಿ ನಾಡಿದ್ದು ಬೇರೆಯವರನ್ನು ಗೊತ್ತು ಮಾಡುತ್ತಾರಂತೆ. ಇಷ್ಟು ದಿನ ಪ್ರಾರ್ಥಿಸಿದ್ದಕ್ಕೆ ಉಪಕಾರ. ಇನ್ನು ಬೇಡ."

ಏಪ್ರಿಲ್ 7, ಸೋಮವಾರ

ಬೇಡ ಅಂದರೂ ಮಾಡಿದೆ. ಮೊಣಕಾಲೂರಲು ಆಗಲಿಲ್ಲ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂತೆ. ನನಗೆ ಒಂದು ಮಾತೂ ಹೊಳೆಯಲಿಲ್ಲ. ಅವನು ಸ್ಟೂಲಿನ ಮೇಲೆ ಕೂತ ಹಾಗೆ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಹೊಲಿಗೆ ಯಂತ್ರ ನಿಲ್ಲುವವರೆಗೆ.

"ಇವತ್ತು ಮಾಡಲಿಲ್ವಾ ಮಾವ? ಸದ್ದೇ ಇಲ್ಲ."

"ಮಾಡ್ತಾ ಇದ್ದೆ."

ಅವಳು ಬಂದು ಪಕ್ಕದಲ್ಲಿ ಕೂತಳು. ನಾನೇ ಎಲ್ಲ ಹೇಳಿದೆ, ಮೊತ್ತ ಒಂದು ಬಿಟ್ಟು. ಅವಳು ಬೈಯುತ್ತಾಳೆ ಎಂದು ಕಾದೆ. "ನಾಳೆ ಶರ್ಟ್ ಇಸ್ತ್ರಿ ಮಾಡಿಕೊಡ್ತೀನಿ" ಎಂದಳು.

ಏಪ್ರಿಲ್ 8, ಮಂಗಳವಾರ

ಗೋದಾಮಿಗೆ ಅರ್ಧ ದಿನ ರಜೆ ಹಾಕಿದೆ. ಬೇಕರಿಯಲ್ಲಿ ಜನ ತುಂಬಿದ್ದರು. ಟೀಚರಮ್ಮ ಬನ್ನು ಕಟ್ಟಿಸಿಕೊಳ್ಳುತ್ತಿದ್ದರು. ಆಮೇಲೆ ಬರೋಣ ಅನ್ನಿಸಿತು, ಆದರೆ ಮತ್ತೆ ಅಷ್ಟು ದೂರ ನಡೆಯಲು ಕಾಲಿನಲ್ಲಿ ಶಕ್ತಿ ಇರಲಿಲ್ಲ.

"ಅಮ್ಮ, ನಾನು ಅವನನ್ನ ಕ್ಷಮಿಸಿಲ್ಲ" ಎಂದೆ. "ಕ್ಷಮಿಸೋಕೆ ಅವನು ಏನೂ ಮಾಡೇ ಇಲ್ಲ. ದುಡ್ಡು ಕಳೆದದ್ದು ನಾನು. ಬಾರದ ಮಷೀನಿಗೆ ಕೊಟ್ಟೆ. ಮರ್ಯಾದೆ ಹೋಗುತ್ತೆ ಅಂತ ಅವನು ಕದ್ದ ಅಂದೆ."

ಟೀಚರಮ್ಮ ಬನ್ನಿನ ಪೊಟ್ಟಣ ಎದೆಗೆ ಒತ್ತಿಕೊಂಡು ನನ್ನಿಂದ ಒಂದು ಹೆಜ್ಜೆ ಆಚೆ ಸರಿದರು.

ಯಜಮಾನಿಯಮ್ಮ ಗಲ್ಲಾಪೆಟ್ಟಿಗೆ ಮುಚ್ಚಿದರು. "ಅವನನ್ನ ನಾಳೆ ಬೆಳಿಗ್ಗೆ ಬರೋಕೆ ಹೇಳಿ ಕಳಿಸ್ತೀನಿ. ಅವನು ಬರ್ತಾನೋ ಇಲ್ವೋ, ಅದು ಅವನಿಗೆ ಬಿಟ್ಟದ್ದು. ನೀವು ಮಾತ್ರ ಸದ್ಯಕ್ಕೆ ಈ ಕಡೆ ಬರಬೇಡಿ."

"ಸರಿ ಅಮ್ಮ."

ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಕೇಳಿದರು, "ಅಷ್ಟು ದುಡ್ಡು ಒಂದು ಮಷೀನಿಗೆ ಕೊಟ್ರಾ? ನಿಜವಾಗಿ ಎಷ್ಟು ಹೋಯ್ತು?"

ಎರಡು ಲಕ್ಷ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕಳ್ಳನಾಗುವುದಾದರೂ ದೊಡ್ಡ ಮೊತ್ತಕ್ಕೆ ಆಗೋಣ ಅನ್ನಿಸಿತು. ಏಳು ಜನ ಕಾಯುತ್ತಿದ್ದರು.

ಹನ್ನೊಂದು ಸಾವಿರದ ಐನೂರು, ಅಂದೆ.